ಒಣ ಸ್ಟೌಟಿಗೆ ಯೀಸ್ಟಿನ ಆಯ್ಕೆ: ಬಿಸಿಲು ಮತ್ತು ನೀರಿನ ನೆಲೆಯಿಂದ ಒಂದು ಸಮೀಕ್ಷೆ

ಮನೆಯಲ್ಲಿ ಬಿಯರ್ ತಯಾರಿಸುವ ಹವ್ಯಾಸಕ್ಕೆ ಕಾನೂನಿನ ಅವಕಾಶವಿರುವ ದೇಶಗಳಲ್ಲಿ, ಐರ್ಲೆಂಡ್ ಮೂಲದ ಒಣ ಸ್ಟೌಟ್ ಎಂಬ ಕಪ್ಪು ಬಿಯರಿಗೆ ಯಾವ ಯೀಸ್ಟ್ ತಕ್ಕದ್ದು ಎಂಬ ಪ್ರಶ್ನೆ ಹಲವು ದಶಕಗಳಿಂದ ಚರ್ಚೆಯಲ್ಲಿದ್ದರೂ ಒಮ್ಮತದ ಉತ್ತರ ಮೂಡಿಲ್ಲ. ಐರಿಷ್ ತಳಿಯೇ ಆಗಬೇಕೆಂದು ಕೆಲವರು ಪಟ್ಟು ಹಿಡಿದರೆ, ತನ್ನದೇ ವಾಸನೆಯನ್ನು ಸೇರಿಸದ ಯಾವ ತಳಿಯಾದರೂ ಸಾಕೆಂದು ಮತ್ತೆ ಕೆಲವರು ವಾದಿಸುತ್ತಾರೆ. ಪ್ರಶ್ನೆಯನ್ನು ತಳಿಯ ಹೆಸರಿನಿಂದ ಆರಂಭಿಸುವುದೇ ಈ ಭಿನ್ನಾಭಿಪ್ರಾಯದ ಮೂಲ. ಬಿಯರ್ ಹುದುಗುವ ಕೋಣೆಯ ತಾಪವೆಷ್ಟು, ಬಳಸುವ ನೀರು ಎಂಥದು, ಧಾನ್ಯದ ಸಿಹಿಯಲ್ಲಿ ಎಷ್ಟು ಪಾಲು ಉಳಿಯಬೇಕು ಎಂಬುದನ್ನು ನಿಶ್ಚಯಿಸದೆ ಯೀಸ್ಟಿನ ಹೆಸರು ಹೇಳಿದರೆ ಅದು ಅರ್ಧ ಉತ್ತರವಷ್ಟೇ ಆಗುತ್ತದೆ, ಮತ್ತು ಈ ಅಂಶಗಳಲ್ಲಿ ತಾಪದ್ದೇ ಮೇಲುಗೈ ಎಂಬುದು ಪ್ರಸ್ತುತ ಸಮೀಕ್ಷೆಯ ನಿಲುವು.

ಈ ನಿಲುವನ್ನು ಒರೆಗೆ ಹಚ್ಚಲು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳು ಒಳ್ಳೆಯ ಅಳತೆಗೋಲಾಗುತ್ತವೆ. 1997ರಲ್ಲಿ ಜಿಲ್ಲೆ ರಚನೆಯಾದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿ ಅನಂತರ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಅಡಿಕೆ ತೋಟ ಮತ್ತು ಸೂಳೆಕೆರೆಯ ನೀರಾವರಿಯಿರುವ ಅರೆಮಲೆನಾಡಿನ ಅಂಚು ಒಂದೆಡೆ, ಮಳೆ ಕಡಿಮೆಯಾಗಿ ಕೊಳವೆಬಾವಿಯನ್ನೇ ನಂಬಿರುವ ಒಣ ಬಯಲು ಇನ್ನೊಂದೆಡೆ ಇರುವುದರಿಂದ, ಹವೆ ಮತ್ತು ನೀರಿನ ವ್ಯತ್ಯಾಸಗಳೆಲ್ಲ ಒಂದೇ ಜಿಲ್ಲೆಯೊಳಗೆ ಸಿಗುತ್ತವೆ. ಆದರೆ ಇಲ್ಲಿ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. 1965ರ ಕರ್ನಾಟಕ ಅಬಕಾರಿ ಅಧಿನಿಯಮದ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ, ಸ್ವಂತ ಬಳಕೆಗಾಗಿ ಮನೆಯಲ್ಲಿ ಕುದಿಸಿದ ಬಿಯರೂ ಅದರಿಂದ ಹೊರತಲ್ಲ. ರಾಜ್ಯದಲ್ಲಿ ಈ ವಿದ್ಯೆಗೆ ಇರುವ ಕಾನೂನುಬದ್ಧ ನೆಲೆಯೆಂದರೆ ದೊಡ್ಡ ಕಾರ್ಖಾನೆಗಳು ಮತ್ತು 2010ರ ಸುಮಾರಿನಿಂದ ಬೆಂಗಳೂರಿನಲ್ಲಿ ತಲೆಯೆತ್ತಿದ ಕಿರು ಬಿಯರ್ ತಯಾರಿಕಾ ಘಟಕಗಳು. ಬ್ರಿಟನ್ನಿನಲ್ಲಿ 1963ರಲ್ಲಿ ಮನೆ ಬಿಯರಿಗೆ ಪರವಾನಗಿಯ ಅಗತ್ಯ ರದ್ದಾಯಿತು. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದ ಒಕ್ಕೂಟ ಮಟ್ಟದಲ್ಲಿ ಅನುಮತಿ ದೊರೆತರೂ ಅಲಬಾಮ ಮತ್ತು ಮಿಸಿಸಿಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ಆದ್ದರಿಂದ ಮುಂದಿನ ವಿವೇಚನೆ ಅಂಥ ದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೆ, ಪರವಾನಗಿ ಪಡೆದು ದುಡಿಯುವವರಿಗೆ ಮತ್ತು ಹುದುಗುವಿಕೆಯ ವಿಜ್ಞಾನವನ್ನು ಓದುವವರಿಗೆ ಸಂಬಂಧಿಸಿದ್ದು. ಈ ನಾಲ್ಕು ತಾಲ್ಲೂಕುಗಳ ಹವೆ, ನೀರು ಮತ್ತು ಧಾನ್ಯ ಇಲ್ಲಿ ಪರಾಮರ್ಶೆಯ ಆಧಾರವಾಗಿ ಬರುತ್ತವೆ.

ಒಣ ಸ್ಟೌಟ್ ಎಂದರೆ ಹಗುರವಾದ, ಸಿಹಿ ಕಡಿಮೆಯಿರುವ, ಕಾಫಿಯಂತೆ ಕಹಿ ಮತ್ತು ತುಸು ಒಗರಿನಿಂದ ಕೂಡಿದ ಬಿಯರ್. ಬಣ್ಣ ಕಪ್ಪಾದುದರಿಂದ ಇದು ಬಹಳ ಅಮಲಿನ ಪೇಯವೆಂಬ ತಪ್ಪುತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಇದರ ಪ್ರಸಿದ್ಧ ಮಾದರಿಯಾದ ಗಿನ್ನೆಸ್ ಡ್ರಾಟ್‌ನಲ್ಲಿ ಮದ್ಯಸಾರ ಶೇ. 4.2ರಷ್ಟು ಮಾತ್ರ. ಡಬ್ಲಿನ್ನಿನ ಸೇಂಟ್ ಜೇಮ್ಸ್ ಗೇಟ್‌ನಲ್ಲಿ 1759ರಲ್ಲಿ ಆರ್ಥರ್ ಗಿನ್ನೆಸ್ ಗುತ್ತಿಗೆಗೆ ಪಡೆದ ಕಾರ್ಖಾನೆ ಈ ಬಗೆಯನ್ನು ಜಗತ್ತಿಗೆ ಪರಿಚಯಿಸಿತು. ಇದರ ಧಾನ್ಯದ ಪಾಕವಿಧಾನ ಸರಳ: ಸುಮಾರು ಶೇ. 70 ಭಾಗ ತಿಳಿಬಣ್ಣದ ಬಾರ್ಲಿ ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ, ಶೇ. 20 ಭಾಗ ಅವಲಕ್ಕಿಯಂತೆ ಒತ್ತಿದ ಬಾರ್ಲಿ, ಉಳಿದ ಶೇ. 10 ಭಾಗ ಮೊಳಕೆ ಬರಿಸದೆ ಕಪ್ಪಾಗುವ ತನಕ ಹುರಿದ ಬಾರ್ಲಿ. ಕಾಫಿಯಂಥ ಕಹಿ, ಕಪ್ಪು ಬಣ್ಣ, ಸುಟ್ಟ ವಾಸನೆ ಬಹುಮಟ್ಟಿಗೆ ಈ ಕೊನೆಯ ಹತ್ತನೆಯ ಒಂದು ಭಾಗದಿಂದ ಬರುತ್ತವೆ. ಯೀಸ್ಟಿನ ಪಾತ್ರವನ್ನು ಅಳೆಯುವಾಗ ಇದನ್ನು ಮರೆಯಬಾರದು. ಹುರಿದ ಬಾರ್ಲಿಯ ಗಟ್ಟಿ ದನಿಯ ಎದುರು ಯೀಸ್ಟಿನ ಸೂಕ್ಷ್ಮ ವಾಸನೆಗಳು ಎಷ್ಟೋ ಮಟ್ಟಿಗೆ ಅಡಗಿಹೋಗುವುದರಿಂದ, ಗೋಧಿ ಬಿಯರಿನಲ್ಲಿ ತಳಿಗೆ ಇರುವಷ್ಟು ಅಧಿಕಾರ ಸ್ಟೌಟಿನಲ್ಲಿ ಇಲ್ಲ.

ಹಾಗಿದ್ದರೆ ಯೀಸ್ಟಿನ ಕೆಲಸವೇನು? ಬಿಸಿನೀರಿನಲ್ಲಿ ನೆನೆಸಿದ ಮಾಲ್ಟಿನಿಂದ ಇಳಿಸಿದ ಸಿಹಿ ರಸಕ್ಕೆ ವರ್ಟ್ ಎನ್ನುತ್ತಾರೆ. ಅದರಲ್ಲಿರುವ ಸಕ್ಕರೆಯಲ್ಲಿ ಎಷ್ಟು ಪಾಲನ್ನು ಯೀಸ್ಟ್ ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡಾಗಿ ಮಾರ್ಪಡಿಸುತ್ತದೆ ಎಂಬ ಶೇಕಡಾವಾರು ಲೆಕ್ಕಕ್ಕೆ ಅಟೆನ್ಯುಯೇಶನ್ ಎಂದು ಹೆಸರು. ರಸದ ಸಾಂದ್ರತೆಯನ್ನು ಹೈಡ್ರೋಮೀಟರಿನಿಂದ ಅಳೆದರೆ ನೀರಿನದು 1.000 ಇರುವಾಗ ಸ್ಟೌಟಿನ ವರ್ಟ್ 1.042ರ ಆಸುಪಾಸಿನಲ್ಲಿರುತ್ತದೆ. ಹುದುಗಿ ಮುಗಿದಾಗ ಅಳತೆ 1.010ಕ್ಕೆ ಇಳಿದರೆ, 42 ಅಂಶಗಳಲ್ಲಿ 32 ಕರಗಿದಂತಾಗಿ ಅಟೆನ್ಯುಯೇಶನ್ ಸುಮಾರು ಶೇ. 76, ಮದ್ಯಸಾರ ಸುಮಾರು ಶೇ. 4.2 ಆಗುತ್ತದೆ. ಅದೇ ರಸ 1.013ರಲ್ಲೇ ನಿಂತರೆ ಪ್ರಮಾಣ ಶೇ. 69ಕ್ಕೆ ಕುಸಿಯುತ್ತದೆ. ಮೂರೇ ಅಂಶಗಳ ಈ ಅಂತರ ಕಾಗದದ ಮೇಲೆ ಅಲ್ಪವೆನಿಸಿದರೂ ನಾಲಿಗೆಗೆ ಸ್ಪಷ್ಟವಾಗಿ ತಿಳಿಯುತ್ತದೆ: ಮೊದಲನೆಯದು ಕೊನೆಯ ಗುಟುಕಿನ ತನಕ ಒಣಗಿ ನಿಲ್ಲುತ್ತದೆ, ಎರಡನೆಯದರಲ್ಲಿ ಹುರಿದ ಧಾನ್ಯದ ಕಹಿಯ ಹಿಂದೆ ಬೆಲ್ಲದ ನೀರಿನಂಥ ಮಂದ ಸಿಹಿ ಉಳಿಯುತ್ತದೆ. ಒಣತನವೇ ಈ ಬಿಯರಿನ ಲಕ್ಷಣವಾದುದರಿಂದ ಶೇ. 74ಕ್ಕಿಂತ ಕಡಿಮೆ ಕರಗಿಸುವ ತಳಿಗಳನ್ನು ಆರಿಸುವಾಗ ಎಚ್ಚರ ಬೇಕು.

ಆದರೆ ಈ ಅಂಕಿ ಯೀಸ್ಟಿನ ಸ್ವಂತ ಆಸ್ತಿಯಲ್ಲ. ಮಾಲ್ಟನ್ನು ನೆನೆಸುವ ನೀರಿನ ತಾಪ 64ರಿಂದ 66 ಡಿಗ್ರಿ ಸೆಲ್ಸಿಯಸ್ ಇದ್ದರೆ, ಪಿಷ್ಟವನ್ನು ಸಣ್ಣ ಸಕ್ಕರೆಗಳಾಗಿ ಒಡೆಯುವ ಬೀಟಾ ಅಮೈಲೇಸ್ ಎಂಬ ಕಿಣ್ವ ಚುರುಕಾಗಿ ದುಡಿದು ಯೀಸ್ಟಿಗೆ ದಕ್ಕುವ ಸಕ್ಕರೆ ಹೆಚ್ಚುತ್ತದೆ. ತಾಪ 69–70ಕ್ಕೆ ಏರಿದರೆ ಅದೇ ಕಿಣ್ವ ಬೇಗನೆ ನಾಶವಾಗಿ, ಯೀಸ್ಟ್ ಜೀರ್ಣಿಸಿಕೊಳ್ಳಲಾರದ ಉದ್ದ ಸರಪಳಿಯ ಸಕ್ಕರೆಗಳು ರಸದಲ್ಲಿ ಉಳಿಯುತ್ತವೆ. ಪೊಟ್ಟಣದ ಮೇಲೆ ಶೇ. 80 ಎಂದು ಬರೆದ ತಳಿಯೂ ಇಂಥ ರಸದಲ್ಲಿ ಸೋಲುತ್ತದೆ. ತಳಿಗಳ ನಡುವಿನ ನಿಜವಾದ ವ್ಯತ್ಯಾಸ ಕಾಣುವುದು ಮಾಲ್ಟೋಟ್ರಯೋಸ್ ಎಂಬ ಮೂರು ಕೊಂಡಿಗಳ ಸಕ್ಕರೆಯ ವಿಷಯದಲ್ಲಿ. ಕೆಲವು ತಳಿಗಳು ಅದನ್ನು ಪೂರ್ತಿ ಕರಗಿಸಿದರೆ ಕೆಲವು ಅರ್ಧಕ್ಕೇ ಕೈಬಿಡುತ್ತವೆ. ಇದಕ್ಕೆ ವಿರುದ್ಧವಾಗಿ, ಡಯಾಸ್ಟಾಟಿಕಸ್ ಎಂಬ ಬಗೆಯ ಯೀಸ್ಟು ಎಸ್‌ಟಿಎ1 ಎಂಬ ಜೀನಿನ ಬಲದಿಂದ ಉದ್ದ ಸರಪಳಿಗಳನ್ನೂ ತಾನೇ ಕತ್ತರಿಸಿ ತಿನ್ನುತ್ತದೆ. ಒಣತನ ಬೇಕೆಂಬ ಆತುರದಲ್ಲಿ ಇದನ್ನು ಆರಿಸಿದರೆ ಸ್ಟೌಟ್ ತೆಳ್ಳಗಾಗಿ ನೀರಾಗುತ್ತದೆ; ಸೀಸೆಯೊಳಗೂ ಹುದುಗುವಿಕೆ ಮುಂದುವರಿದು ಗಾಜು ಒಡೆಯುವ ಅಪಾಯವಿದೆ.

ವಾಸನೆಯ ವಿಷಯದಲ್ಲಿ ವಿಶೇಷವಾಗಿ ಗಮನಿಸಬೇಕಾದ ವಸ್ತು ಡೈಅಸಿಟೈಲ್. ದಾವಣಗೆರೆ ಸೀಮೆಯಲ್ಲಿ ಬೆಣ್ಣೆ ದೋಸೆಯ ಕಾವಲಿಯಿಂದ ಏಳುವ ಬೆಣ್ಣೆಯ ಪರಿಮಳದಲ್ಲಿ ಮುಖ್ಯ ಪಾಲು ಇದೇ ಸಂಯುಕ್ತದ್ದು. ಮಜ್ಜಿಗೆಯಲ್ಲಿ ಅದನ್ನು ಬ್ಯಾಕ್ಟೀರಿಯಾಗಳು ಹುಟ್ಟಿಸಿದರೆ, ಬಿಯರಿನಲ್ಲಿ ಯೀಸ್ಟ್ ಬೆಳೆಯುವಾಗ ಹೊರಸೂಸುವ ಪೂರ್ವವಸ್ತುವೊಂದರಿಂದ ಅದು ರೂಪುಗೊಂಡು, ಹುದುಗುವಿಕೆಯ ಕೊನೆಗೆ ಯೀಸ್ಟೇ ಅದನ್ನು ಮರಳಿ ಹೀರಿ ನಿವಾರಿಸುತ್ತದೆ. ಐರಿಷ್ ತಳಿಗಳು ಇದನ್ನು ಕೊಂಚ ಉಳಿಸುವುದು ರೂಢಿ. ಹುರಿದ ಬಾರ್ಲಿಯ ಕಹಿಯ ಅಡಿಯಲ್ಲಿ ಲವಲೇಶ ಬೆಣ್ಣೆಯ ಛಾಯೆ ಇದ್ದರೆ ಬಾಯಿಗೆ ನುಣುಪು ಬರುತ್ತದೆ, ಅದು ಮುಂದೆ ಬಂದು ಕಾಣಿಸಿಕೊಂಡರೆ ಮಾತ್ರ ದೋಷ. ಸಾಂದ್ರತೆ ಕೊನೆಯ ಕೆಲವು ಅಂಶಗಳಿಗೆ ಇಳಿದಾಗ ಪಾತ್ರೆಯ ತಾಪವನ್ನು ಎರಡು ಮೂರು ಡಿಗ್ರಿ ಏರಿಸಿ ಎರಡು ಮೂರು ದಿನ ಯೀಸ್ಟಿನ ಮೇಲೆಯೇ ಬಿಡುವುದು ಇದಕ್ಕೆ ಪರಿಹಾರ. ಹಣ್ಣಿನ ವಾಸನೆಯ ಎಸ್ಟರುಗಳು ಮತ್ತು ಲವಂಗದ ವಾಸನೆಯ ಫೀನಾಲುಗಳ ಪೈಕಿ ಎರಡನೆಯವು ಸ್ಟೌಟಿಗೆ ಸರ್ವಥಾ ಸಲ್ಲವು. ಅವುಗಳನ್ನು ಹೆಚ್ಚಾಗಿ ಹುಟ್ಟಿಸುವ ಬೆಲ್ಜಿಯಂ ಮತ್ತು ಬವೇರಿಯಾದ ಗೋಧಿ ಬಿಯರಿನ ತಳಿಗಳನ್ನು ಇಲ್ಲಿ ಪರಿಗಣಿಸುವ ಅಗತ್ಯವಿಲ್ಲ.

ತಳಿ ಎಂಬ ಕಲ್ಪನೆಯೇ ಈಚಿನದು. ಹುದುಗುವಿಕೆ ಜೀವಿಗಳ ಕೆಲಸವೆಂದು ಸಾಧಿಸಿದ ಲೂಯಿ ಪಾಶ್ಚರ್ ಬಿಯರಿನ ಬಗೆಗಿನ ತಮ್ಮ ಗ್ರಂಥವನ್ನು ಪ್ರಕಟಿಸಿದ್ದು 1876ರಲ್ಲಿ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸಿದ್ದು 1883ರಲ್ಲಿ. ಸ್ಟೌಟಿನ ಚರಿತ್ರೆಯಲ್ಲಿ ಇನ್ನೂ ಸ್ವಾರಸ್ಯಕರವಾದ ವ್ಯಕ್ತಿ ವಿಲಿಯಂ ಸೀಲಿ ಗಾಸೆಟ್. 1899ರಲ್ಲಿ ಗಿನ್ನೆಸ್ ಸೇರಿದ ಇವರು, ರಕ್ತಕಣಗಳನ್ನು ಎಣಿಸಲು ಬಳಸುವ ಗೀಟು ಕೊರೆದ ಗಾಜಿನ ಪಟ್ಟಿಯ ಮೇಲೆ ಯೀಸ್ಟ್ ಕೋಶಗಳನ್ನು ಎಣಿಸುವಾಗ ಎಷ್ಟು ತಪ್ಪು ನುಸುಳುತ್ತದೆ ಎಂಬುದರ ಬಗ್ಗೆ 1907ರಲ್ಲಿ ಪ್ರಬಂಧ ಬರೆದರು. ಮರುವರ್ಷ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಅವರು ಪ್ರಕಟಿಸಿದ ಲೇಖನದಿಂದ ಹುಟ್ಟಿದ ಟಿ-ಪರೀಕ್ಷೆಯನ್ನು ಇಂದು ಕರ್ನಾಟಕದ ಕೃಷಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳೆಲ್ಲ ಕಲಿಯುತ್ತಾರೆ. ಪಾತ್ರೆಗೆ ಎಷ್ಟು ಯೀಸ್ಟ್ ಸುರಿಯಬೇಕು ಎಂಬ ಕೆಲಸದ ಪ್ರಶ್ನೆ ಸಂಖ್ಯಾಶಾಸ್ತ್ರದ ಇತಿಹಾಸದೊಂದಿಗೆ ಹೀಗೆ ಬೆಸೆದುಕೊಂಡಿದೆ. 2016ರಲ್ಲಿ ಪ್ರಕಟವಾದ, 157 ತಳಿಗಳ ಜೀನೋಮುಗಳನ್ನು ಹೋಲಿಸಿದ ಅಧ್ಯಯನವು ಬಿಯರ್ ಯೀಸ್ಟುಗಳು ಮನುಷ್ಯರ ಕೈಯಲ್ಲಿ ದನಕರುಗಳಂತೆಯೇ ಪಳಗಿದ ಜೀವಿಗಳೆಂದು ತೋರಿಸಿತು. ಮಾಲ್ಟೋಟ್ರಯೋಸನ್ನು ಕರಗಿಸುವ ಶಕ್ತಿ ಬೆಳೆದುದೂ ಲವಂಗದ ವಾಸನೆ ಕಳೆದುಹೋದುದೂ ಈ ಪಳಗಿಸುವಿಕೆಯ ಫಲ. 2024ರಲ್ಲಿ ಹೊರಬಂದ ಮತ್ತೊಂದು ಅಧ್ಯಯನ ಗಿನ್ನೆಸ್ಸಿನ ತಳಿಗಳು ಐರ್ಲೆಂಡಿನ ಇತರ ಬಿಯರ್ ಯೀಸ್ಟುಗಳಿಗಿಂತ ಭಿನ್ನವೆಂದು ಕಂಡುಕೊಂಡಿತು. ಐರಿಷ್ ಯೀಸ್ಟ್ ಎಂಬ ಒಂದೇ ಕುಲವಿದೆಯೆಂಬ ನಂಬಿಕೆಯ ಮೇಲೆ ನಿಂತ ವಾದಗಳೆಲ್ಲ ಇದರಿಂದ ದುರ್ಬಲವಾಗುತ್ತವೆ.

ಹವ್ಯಾಸಿಗಳಿಗೆ ಪೇಟೆಯಲ್ಲಿ ದೊರೆಯುವ ತಳಿಗಳಲ್ಲಿ ವೈಯೀಸ್ಟ್ ಸಂಸ್ಥೆಯ 1084 ಮತ್ತು ವೈಟ್ ಲ್ಯಾಬ್ಸ್ ಸಂಸ್ಥೆಯ ಡಬ್ಲ್ಯುಎಲ್‌ಪಿ004 ಎಂಬ ದ್ರವರೂಪದ ಐರಿಷ್ ಯೀಸ್ಟುಗಳು ಸ್ಟೌಟಿಗೆ ಹೆಸರಾದವು. ತಯಾರಕರು ಇವುಗಳ ಅಟೆನ್ಯುಯೇಶನ್ನನ್ನು ಶೇ. 70ರ ಆಚೀಚೆಯಿಂದ 75ರ ತನಕವೆಂದು ಹೇಳುವುದರಿಂದ ಮಾಲ್ಟ್ ನೆನೆಸುವ ತಾಪವನ್ನು ಕೆಳಗಿಟ್ಟು ಒಣತನವನ್ನು ಸರಿದೂಗಿಸಬೇಕಾಗುತ್ತದೆ; 18ರಿಂದ 20 ಡಿಗ್ರಿಯಲ್ಲಿ ಇವು ಕೊಡುವ ನುಣುಪಾದ, ತುಸು ಬೆಣ್ಣೆಯ ಛಾಯೆಯ ಸ್ಟೌಟನ್ನು ಬೇರೆ ಯಾವುದೂ ಸರಿಗಟ್ಟುವುದಿಲ್ಲ. ಪುಡಿ ಯೀಸ್ಟುಗಳಲ್ಲಿ ಸಾಫೇಲ್ ಎಸ್-04 ಬೇಗ ಹುದುಗಿ, ಕೋಶಗಳು ಗುಂಪುಗೂಡಿ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ, ಆದರೆ ತಾಪ 20 ದಾಟಿದರೆ ಹಣ್ಣಿನ ವಾಸನೆ ಮತ್ತು ತುಸು ಹುಳಿ ತೋರುತ್ತದೆ. ನಾಟಿಂಗ್‌ಹ್ಯಾಮ್ ತಳಿ 10 ಡಿಗ್ರಿಯಷ್ಟು ತಂಪಿನಲ್ಲೂ ದುಡಿಯಬಲ್ಲದು, ಸಕ್ಕರೆಯನ್ನು ಹೆಚ್ಚು ಕರಗಿಸುತ್ತದೆ, ವಾಸನೆಯಲ್ಲಿ ಮೌನಿ; ಒಣ ಸ್ಟೌಟಿಗೆ ಪುಡಿ ಯೀಸ್ಟುಗಳಲ್ಲಿ ಇದನ್ನೇ ಮೊದಲು ಹೆಸರಿಸಬೇಕು. ಅಮೆರಿಕನ್ ಮೂಲದ ಯುಎಸ್-05 ಇನ್ನಷ್ಟು ತಟಸ್ಥವಾಗಿದ್ದರೂ ತಳಕ್ಕೆ ಇಳಿಯಲು ನಿಧಾನ. ಕಪ್ಪು ಬಿಯರಿನಲ್ಲಿ ಮಬ್ಬು ಕಣ್ಣಿಗೆ ಕಾಣದಿದ್ದರೂ ತೇಲುವ ಯೀಸ್ಟಿನ ರುಚಿ ಹುರಿದ ಬಾರ್ಲಿಯ ಒಗರನ್ನು ಒರಟಾಗಿಸುತ್ತದೆ.

ಈ ಶ್ರೇಣಿ 18–20 ಡಿಗ್ರಿಯ ಕೋಣೆಗೆ ಸರಿ. ಚನ್ನಗಿರಿ ಅಥವಾ ಜಗಳೂರಿನ ಹವೆಯಲ್ಲಿಟ್ಟು ನೋಡಿದರೆ ಅದು ಅಲ್ಲಾಡುತ್ತದೆ. ಈ ಭಾಗದಲ್ಲಿ ಏಪ್ರಿಲ್ ಹೊತ್ತಿಗೆ ಹಗಲಿನ ತಾಪ 37–38 ಡಿಗ್ರಿ ಮುಟ್ಟುವುದು ಸಾಮಾನ್ಯ, ಚಳಿಗಾಲದ ರಾತ್ರಿಗಳಷ್ಟೇ 20ಕ್ಕಿಂತ ಕೆಳಗಿಳಿಯುತ್ತವೆ. ಇದರ ಜೊತೆಗೆ ಹುದುಗುವಿಕೆಯೇ ಶಾಖವನ್ನು ಉಂಟುಮಾಡುವ ಕ್ರಿಯೆಯಾದುದರಿಂದ ಪಾತ್ರೆಯೊಳಗಿನ ರಸ ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಹೆಚ್ಚು ಬಿಸಿಯಾಗಿರುತ್ತದೆ. ತಾಪಮಾಪಕವನ್ನು ಗೋಡೆಗೆ ತೂಗುಹಾಕದೆ ಪಾತ್ರೆಯ ಮೈಗೆ ಅಂಟಿಸಬೇಕೆನ್ನುವುದು ಇದಕ್ಕಾಗಿಯೇ. ಸ್ಟೌಟ್ ಸೇರಿದ ಏಲ್ ಎಂಬ ಬಿಯರ್ ವರ್ಗದ ಸಾಧಾರಣ ತಳಿಯನ್ನು 28–30 ಡಿಗ್ರಿಯಲ್ಲಿ ಮೊದಲ ಎರಡು ದಿನ ಬಿಟ್ಟರೆ ಫ್ಯೂಸೆಲ್ ಎಂಬ ಭಾರವಾದ ಮದ್ಯಸಾರಗಳು ಹುಟ್ಟಿ ಗಂಟಲಿಗೆ ಸುಡುವ ರುಚಿ ಬರುತ್ತದೆ. ಮುಂದೆ ಎಷ್ಟು ವಾರ ಇಟ್ಟರೂ ಅದು ಹೋಗದು. ಹುದುಗುವಿಕೆಯ ಮೊದಲ ಮೂರು ದಿನಗಳ ತಾಪವೇ ನಿರ್ಣಾಯಕ.

ಶೀತಕ ಯಂತ್ರವಿಲ್ಲದಲ್ಲಿ ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿ ನಿಲ್ಲಿಸಿ ಒದ್ದೆ ಗೋಣಿತಾಟು ಸುತ್ತುವ ಉಪಾಯವೊಂದಿದೆ. ನೀರು ಆವಿಯಾಗುವಾಗ ಶಾಖವನ್ನು ಹೀರುವ ಈ ವಿಧಾನ ಗಾಳಿ ಒಣಗಿರುವ ಜಗಳೂರಿನಂಥ ಕಡೆ ಬೇಸಿಗೆಯಲ್ಲಿ ಐದಾರು ಡಿಗ್ರಿ ಇಳಿಸಬಲ್ಲದು. ಮಳೆಗಾಲದ ನ್ಯಾಮತಿಯಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಅದರ ಫಲ ತೀರ ಕಡಿಮೆ. ಟೆಕ್ಸಾಸ್ ಅಥವಾ ಅರಿಜೋನಾದಲ್ಲಿ ನೆಲೆಸಿದ ಕನ್ನಡಿಗರಿಗೂ ಇದೇ ವಿವೇಚನೆ ಅನ್ವಯಿಸುತ್ತದೆ: ಅರಿಜೋನಾದ ಒಣ ಮರುಭೂಮಿ ಜಗಳೂರಿನ ಪಕ್ಷ, ಟೆಕ್ಸಾಸಿನ ಕಡಲಂಚು ಮಳೆಗಾಲದ ನ್ಯಾಮತಿಯ ಪಕ್ಷ.

ಬಿಸಿ ಹವೆಗೆಂದೇ ಈಚೆಗೆ ಮುಂದೆ ಬಂದಿರುವುದು ಕ್ವೈಕ್. ನಾರ್ವೆಯ ಪಶ್ಚಿಮ ಕಣಿವೆಗಳ ರೈತರು ತಲೆಮಾರುಗಳಿಂದ ಮರದ ಬಳೆಗಳ ಮೇಲೆ ಒಣಗಿಸಿ ಕಾಪಾಡಿಕೊಂಡು ಬಂದ ಈ ಯೀಸ್ಟುಗಳ ಪೈಕಿ ವೋಸ್ ತಳಿ 25ರಿಂದ 40 ಡಿಗ್ರಿಯ ನಡುವೆಯೂ ಫ್ಯೂಸೆಲ್ ಬಿಡದೆ, ಎರಡು ಮೂರು ದಿನಗಳಲ್ಲೇ ಕೆಲಸ ಮುಗಿಸುತ್ತದೆ. ಬಯಲುಸೀಮೆಯ ಬೇಸಿಗೆಗೆ ಇದು ಹೇಳಿ ಮಾಡಿಸಿದಂತೆ ಕಾಣುವುದು ಸಹಜ. ಆದರೂ ಒಣ ಸ್ಟೌಟಿಗೆ ಇದನ್ನು ಮೊದಲ ಆಯ್ಕೆಯೆಂದು ಒಪ್ಪುವುದು ಕಷ್ಟ: ವೋಸ್ ತಳಿಯ ಕಿತ್ತಳೆ ಸಿಪ್ಪೆಯ ಪರಿಮಳ ಸುಟ್ಟ ಬಾರ್ಲಿಯ ಕಹಿಯೊಂದಿಗೆ ಹೊಂದುವುದಿಲ್ಲ. ಇದಕ್ಕಿಂತ ಕೆಲಸವನ್ನು ನವೆಂಬರಿನಿಂದ ಜನವರಿಯ ತಂಪಿಗೆ ಮುಂದೂಡಿ ನಾಟಿಂಗ್‌ಹ್ಯಾಮ್ ಬಳಸುವುದು ಲೇಸು. ದೋಸೆ ಹಿಟ್ಟು ಚಳಿಗಾಲದಲ್ಲಿ ತಡವಾಗಿ ಉಬ್ಬುವುದೆಂದು ಬೆಚ್ಚಗಿನ ಮೂಲೆ ಹುಡುಕುವ ಮನೆಗಳಿಗೆ ಋತುವಿಗೆ ತಕ್ಕ ಹುದುಗುವಿಕೆ ಹೊಸ ವಿಚಾರವೇನೂ ಅಲ್ಲ. ಬಿಯರಿನಲ್ಲಿ ಆ ಲೆಕ್ಕ ತಿರುಗುಮುರುಗಾಗುತ್ತದೆ, ಅಷ್ಟೇ.

ನೀರಿಗೂ ಯೀಸ್ಟಿಗೂ ಇರುವ ನಂಟು ಸಾಮಾನ್ಯವಾಗಿ ಗಮನಕ್ಕೆ ಬರುವುದಿಲ್ಲ. ಬೈಕಾರ್ಬೊನೇಟ್ ಹೆಚ್ಚಿರುವ ಗಡಸು ನೀರು ಮಾಲ್ಟ್ ನೆನೆಸುವಾಗ ಕ್ಷಾರವಾಗಿ ವರ್ತಿಸಿ ಕಿಣ್ವಗಳಿಗೆ ಬೇಕಾದ 5.2ರಿಂದ 5.6ರ ಪಿಎಚ್ ಮಟ್ಟವನ್ನು ಕೆಡಿಸುತ್ತದೆ. ಹುರಿದ ಬಾರ್ಲಿಯ ಆಮ್ಲ ಆ ಕ್ಷಾರವನ್ನು ತಗ್ಗಿಸುತ್ತದೆ. ಡಬ್ಲಿನ್ನಿನ ಗಡಸು ನೀರಿನಿಂದಲೇ ಸ್ಟೌಟ್ ಅಲ್ಲಿ ಹುಟ್ಟಿತೆಂಬ ವಿವರಣೆ ಇದರ ಮೇಲೆ ನಿಂತಿದೆ, ಆದರೆ ಗಿನ್ನೆಸ್ ಕಾರ್ಖಾನೆ ಬಳಸುವುದು ವಿಕ್ಲೋ ಬೆಟ್ಟಗಳಿಂದ ಬರುವ ಮೆದು ನೀರನ್ನು. ಹೊನ್ನಾಳಿಯ ಪಕ್ಕದಲ್ಲಿ ಹರಿಯುವ ತುಂಗಭದ್ರೆಯ ಮೆದು ನೀರಿಗೂ ಜಗಳೂರಿನ ಆಳ ಕೊಳವೆಬಾವಿಯ ಗಡಸು ನೀರಿಗೂ ಇರುವ ಅಂತರ ಈ ದೃಷ್ಟಿಯಿಂದ ದೊಡ್ಡದು. ಜಗಳೂರಿನ ಅಂತರ್ಜಲದ ಮುಖ್ಯ ತೊಡಕು ಫ್ಲೋರೈಡ್. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಲ್ಲಿ 1.5. ಕುದಿಸುವುದರಿಂದ ಬೈಕಾರ್ಬೊನೇಟ್ ಸುಣ್ಣವಾಗಿ ತಳ ಸೇರುತ್ತದೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ಸಾಂದ್ರವಾಗುತ್ತದೆ. ಆದ್ದರಿಂದ ಅಂಥ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ನೀರೇ ಎಲ್ಲ ಅಡುಗೆಗೂ ಸರಿ. ಆದರೆ ಪೊರೆಯ ಮೂಲಕ ಸೋಸಿದ ಆ ನೀರಿನಲ್ಲಿ ಕ್ಯಾಲ್ಸಿಯಂ ಬಹುಮಟ್ಟಿಗೆ ಹೋಗಿರುತ್ತದೆ, ಯೀಸ್ಟ್ ಕೋಶಗಳು ಒಂದಕ್ಕೊಂದು ಅಂಟಿ ತಳ ಸೇರಲು ಬೇಕಾದುದೋ ಇದೇ ಕ್ಯಾಲ್ಸಿಯಂ. 20 ಲೀಟರಿಗೆ ಸುಮಾರು 4 ಗ್ರಾಂ ಜಿಪ್ಸಮ್ ಬೆರೆಸಿದರೆ ಲೀಟರಿಗೆ 45ರಿಂದ 50 ಮಿಲಿಗ್ರಾಂ ಕ್ಯಾಲ್ಸಿಯಂ ದೊರೆತು ಕೊರತೆ ನೀಗುತ್ತದೆ. ಎಸ್-04ರಂಥ ತಳಿಯೂ ತಳದಲ್ಲಿ ಕೂರದೆ ತೇಲಿದಾಗ ಯೀಸ್ಟನ್ನು ದೂರುವ ಮೊದಲು ನೀರನ್ನು ಪರೀಕ್ಷಿಸಬೇಕು.

ಈ ತಾಲ್ಲೂಕುಗಳ ಧಾನ್ಯಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜಿಲ್ಲೆಯ ಪ್ರಧಾನ ಬೆಳೆಯಾದ ಮೆಕ್ಕೆಜೋಳ ಬಿಯರನ್ನು ತೆಳುವಾಗಿಸುತ್ತದೆ, ಸ್ಟೌಟಿನ ದಪ್ಪ ನೊರೆಗೆ ಒತ್ತಿದ ಬಾರ್ಲಿಯೇ ಬೇಕು. ಮೊಳಕೆ ಬಂದ ರಾಗಿಯಲ್ಲಿ ಪಿಷ್ಟ ಒಡೆಯುವ ಕಿಣ್ವಗಳು ಧಾರಾಳವಾಗಿವೆ. ಹಿಮಾಲಯದ ತಪ್ಪಲಿನಲ್ಲಿಯೂ ಆಫ್ರಿಕದಲ್ಲಿಯೂ ರಾಗಿಯ ಬಿಯರ್ ಹಳೆಯದು. ಹುರಿದ ರಾಗಿ ಮತ್ತು ತಟಸ್ಥ ಯೀಸ್ಟಿನ ಸಂಯೋಗ ಪರವಾನಗಿ ಪಡೆದ ಬೆಂಗಳೂರಿನ ಘಟಕಗಳು ಗಂಭೀರವಾಗಿ ಪರೀಕ್ಷಿಸಬೇಕಾದ ವಿಷಯ.

ತಳಿಯನ್ನು ಆರಿಸಿದ ಮೇಲೆ ಉಳಿಯುವುದು ಪ್ರಮಾಣ. ಏಲ್ ಬಗೆಗಳಿಗೆ ರಸದ ಒಂದು ಮಿಲಿಲೀಟರಿಗೆ, ಸಾಂದ್ರತೆಯ ಪ್ರತಿ ಪ್ಲಾಟೋ ಡಿಗ್ರಿಗೆ, ಏಳೂವರೆ ಲಕ್ಷ ಜೀವಂತ ಕೋಶಗಳೆಂಬುದು ಒಪ್ಪಿತ ಲೆಕ್ಕ. 1.042 ಸಾಂದ್ರತೆ ಸುಮಾರು 10.5 ಪ್ಲಾಟೋ ಆಗುವುದರಿಂದ 20 ಲೀಟರ್ ಸ್ಟೌಟಿಗೆ ಹದಿನಾರು ಸಾವಿರ ಕೋಟಿಯಷ್ಟು ಕೋಶಗಳು ಬೇಕು. ತಯಾರಕರ ಸೂಚನೆಯಂತೆ ಪುಡಿ ಯೀಸ್ಟಿನ 11 ಗ್ರಾಂ ಪೊಟ್ಟಣವೊಂದು ಇದಕ್ಕೆ ಸಾಕು, ದ್ರವರೂಪದ ಯೀಸ್ಟಾದರೆ ಮೊದಲೇ ಸ್ವಲ್ಪ ವರ್ಟಿನಲ್ಲಿ ಬೆಳೆಸಿ ಹೆಚ್ಚಿಸಬೇಕು. ಸೆಖೆಯಲ್ಲಿ ದಿನಗಟ್ಟಲೆ ಸಾಗಿ ಬಂದ ದ್ರವ ಯೀಸ್ಟಿನಲ್ಲಿ ಸತ್ತ ಕೋಶಗಳ ಪಾಲು ದೊಡ್ಡದಾಗಿರುತ್ತದೆ. ಬಿಸಿ ಪ್ರದೇಶಗಳಲ್ಲಿ ಪುಡಿಯನ್ನೇ ಮೇಲೆಂದು ಪರಿಗಣಿಸಲು ಇದೊಂದು ಬಲವಾದ ಕಾರಣ.

ಸೀಸೆಗೆ ತುಂಬುವ ಮುನ್ನ ಮೂರು ದಿನ ಒಂದೇ ಸಮನೆ ಅದೇ ಸಾಂದ್ರತೆ ದಾಖಲಾಗಬೇಕು. ಅನಿಲಕ್ಕಾಗಿ 20 ಲೀಟರಿಗೆ ಸುಮಾರು 100 ಗ್ರಾಂ ಸಕ್ಕರೆ ಬೆರೆಸಿದರೆ ಬಿಯರಿನ ಗಾತ್ರದ ಎರಡು ಪಟ್ಟಿಗಿಂತ ತುಸು ಹೆಚ್ಚು ಅನಿಲ ಕರಗಿ ನಿಲ್ಲುತ್ತದೆ, ಸ್ಟೌಟಿಗೆ ಅದು ಹಿತವಾದ ಪ್ರಮಾಣ. ರಸ 1.013ರಲ್ಲಿ ತಂಗಿದ್ದಾಗ ಹುದುಗುವಿಕೆ ಮುಗಿಯಿತೆಂದು ತುಂಬಿ, ಅದು ಸೀಸೆಯೊಳಗೆ 1.010ಕ್ಕೆ ಇಳಿದರೆ ಇನ್ನೂ ಒಂದೂವರೆ ಪಟ್ಟು ಅನಿಲ ಸೇರಿಕೊಳ್ಳುತ್ತದೆ, ಸಾಧಾರಣ ಬಿಯರ್ ಸೀಸೆಗಳು ಅಷ್ಟು ಒತ್ತಡವನ್ನು ತಾಳುವ ಭರವಸೆಯಿಲ್ಲ.